ಅರ್ಧಕ್ಕೇ ತೋರಿಸಿ: ಮನೆಯಲ್ಲೇ ಆ್ಯನಿಮೇಷನ್ ಮಾಡುವವರು ಒಬ್ಬರದನ್ನೊಬ್ಬರು ತಿದ್ದುವ ಬಗೆ

ಮೂರು ವರ್ಷದ ಹಿಂದೆ 9 ಸೆಕೆಂಡಿನ ಒಂದು ದೃಶ್ಯ ಮಾಡಿದ್ದೆ. ಜಗಲಿಯ ಮೇಲೆ ಕೂತ ಅಜ್ಜಿ ಗೇಟಿನ ಸದ್ದು ಕೇಳಿ ಎದ್ದು ನಿಲ್ಲುತ್ತಾಳೆ, ಅಷ್ಟೇ. ಸೀರೆಯ ಅಂಚು, ಸುಣ್ಣದ ಗೋಡೆಯ ಕಲೆ, ಅಂಗಳದ ಬಿಸಿಲು, ಎಲ್ಲಕ್ಕೂ ಬಣ್ಣ ಹಾಕಿ ಮುಗಿಸುವಷ್ಟರಲ್ಲಿ ಐದು ವಾರದ ಸಂಜೆಗಳು ಹೋಗಿದ್ದವು. ಮೊದಲು ತೋರಿಸಿದ್ದು ಅಮ್ಮನಿಗೆ. “ಎಷ್ಟು ಸಲೀಸಾಗಿ ಎದ್ಬಿಟ್ಳು! ಈ ಅಜ್ಜಿಗೆ ಮಂಡಿನೋವೇ ಇಲ್ವಾ?” ಅಂದರು.

ಅಮ್ಮ ಹೇಳಿದ್ದು ಸರಿಯಾಗಿತ್ತು. ಅಜ್ಜಿಯ ಮೈಗೆ ಭಾರವೇ ಇರಲಿಲ್ಲ, ಮೇಲಿನಿಂದ ಯಾರೋ ದಾರ ಎಳೆದ ಹಾಗೆ ಏಳುತ್ತಿದ್ದಳು. ಏಳುವ ಭಾಗವನ್ನು ನಿಧಾನ ಮಾಡಿ ಮತ್ತೆ ಬರೆದು, ಮತ್ತೆ ಬಣ್ಣ ಹಾಕಿದೆ. ಈಗ ದಾರವನ್ನು ನಿಧಾನವಾಗಿ ಎಳೆದ ಹಾಗಾಯಿತು. ದೋಷ ಇದೆ ಅಂತ ಅಮ್ಮನಿಗೆ ಕಂಡಿತ್ತು, ಅದು ಎಲ್ಲಿದೆ ಅಂತ ನನಗೆ ಕಾಣಲಿಲ್ಲ. ಅದನ್ನು ತೋರಿಸಿಕೊಟ್ಟಿದ್ದು ನನ್ನ ಹಾಗೇ ಆಫೀಸು ಮುಗಿಸಿ ರಾತ್ರಿ ಕೂತು ಬರೆಯುವ ಇನ್ನೊಬ್ಬ ಗೆಳತಿ. “ಏಳೋ ಮುಂಚೆ ಮುಂದಕ್ಕೆ ಬಾಗ್ಲೇ ಇಲ್ಲ ನೋಡಿ, ತಲೆ ನೆಟ್ಟಗೆ ಮೇಲಕ್ಕೆ ಹೋಗ್ತಿದೆ” ಅಂದಳು.

ಈಗ ನಾವು ಆರು ಜನ ಇದ್ದೇವೆ. ಊರು ಬೇರೆ, ಸಾಫ್ಟ್‌ವೇರ್ ಬೇರೆ. ವಾರಕ್ಕೊಮ್ಮೆ ಮಾಡಿದ್ದನ್ನು ಕಳಿಸಿಕೊಂಡು ತಿದ್ದಿಕೊಳ್ಳುತ್ತೇವೆ. ಹೇಳಿಕೊಡುವ ಗುರುವಿಲ್ಲದೆ, ಸ್ಟುಡಿಯೊ ಇಲ್ಲದೆ ಕಲಿಯುತ್ತಿರುವವರಿಗೆ ನಮ್ಮ ಪದ್ಧತಿ ಉಪಯೋಗಕ್ಕೆ ಬಂದೀತು ಅಂತ ಹಂತ ಹಂತವಾಗಿ ಬರೆಯುತ್ತಿದ್ದೇನೆ.

1. ಬಣ್ಣ ಹಾಕುವ ಮುಂಚೆಯೇ ತೋರಿಸಿ

ಸೆಕೆಂಡಿಗೆ 24 ಫ್ರೇಮ್, ಅಂದರೆ ಪರದೆಯ ಮೇಲೆ ಒಂದಾದ ಮೇಲೊಂದು 24 ಸ್ಥಿರಚಿತ್ರ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬೇಕು. ನನ್ನ ಅಜ್ಜಿಗೆ 108 ಆಯಿತು. ಇಷ್ಟೂ ಮುಗಿದ ಮೇಲೆ ಬರುವ ಸಲಹೆ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಒಪ್ಪಿಕೊಳ್ಳಲು ಕೈ ಬರುವುದಿಲ್ಲ. ಹಾಗಾಗಿ ಒಂದೇ ದೃಶ್ಯವನ್ನು ಮೂರು ಸಲ ತೋರಿಸುವುದು ನಮ್ಮ ರೂಢಿ.

ಮೊದಲ ಸಲ ಕೀ ಪೋಸ್‌ಗಳು, ಅಂದರೆ ಚಲನೆಯ ಮುಖ್ಯ ಭಂಗಿಗಳು ಮಾತ್ರ. ಅಜ್ಜಿ ಕೂತಿದ್ದಾಳೆ, ತಲೆ ತಿರುಗಿಸಿದಳು, ಮಂಡಿಗೆ ಕೈ ಕೊಟ್ಟಳು, ನಿಂತಳು. ನಾಲ್ಕು ಗೀಚು ಚಿತ್ರ ಸಾಕು, ಮುಖವೂ ಬೇಡ. ಏನು ನಡೆಯುತ್ತಿದೆ ಅಂತ ನೋಡಿದವರಿಗೆ ಗೊತ್ತಾಗುತ್ತದಾ ಅನ್ನುವುದಷ್ಟೇ ಇಲ್ಲಿ ಮುಖ್ಯ.

ಎರಡನೆಯ ಸಲ ರಫ್. ಪೋಸ್‌ಗಳ ನಡುವಿನ ಚಿತ್ರಗಳು ಬಂದಿರುತ್ತವೆ, ಟೈಮಿಂಗ್ ಕೂತಿರುತ್ತದೆ, ಗೆರೆ ಮಾತ್ರ ಇನ್ನೂ ಒರಟು. ಮೂರರಲ್ಲಿ ಒಂದು ಸಲವೇ ತೋರಿಸಲು ಆಗುವುದು ಅಂದರೆ ಇದನ್ನು ತೋರಿಸಿ. ಚಲನೆಯ ದೋಷವೆಲ್ಲ ಇಲ್ಲಿಯೇ ಇರುತ್ತದೆ, ಇಲ್ಲಿ ಅಳಿಸಿದರೆ ನಷ್ಟವೂ ಕಡಿಮೆ.

ಮೂರನೆಯದು ಕ್ಲೀನಪ್ ಆದ ಮೇಲೆ, ಅಂದರೆ ಒರಟು ಗೆರೆಗಳನ್ನು ಅಚ್ಚುಕಟ್ಟಾಗಿ ಮತ್ತೆ ಎಳೆದ ಮೇಲೆ. ಗೆರೆ ನಡುಗುತ್ತಿದೆಯಾ, ಯಾವುದಾದರೂ ಫ್ರೇಮಿನಲ್ಲಿ ಬಳೆ ಮಾಯವಾಗಿದೆಯಾ ಅಂತ ಹುಡುಕುವ ಹೊತ್ತು ಇದು. ಇಲ್ಲಿಗೆ ಬಂದ ಮೇಲೆ ಪೋಸ್ ಬದಲಿಸಿ ಅಂತ ಹೇಳಬಾರದು ಅನ್ನುವುದನ್ನು ನಾವು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ.

ಇದು ನಾವು ಕಂಡುಹಿಡಿದದ್ದೇನೂ ಅಲ್ಲ. 1930ರ ದಶಕದಲ್ಲಿ ವಾಲ್ಟ್ ಡಿಸ್ನಿ ಸ್ಟುಡಿಯೊದಲ್ಲಿ ಪೆನ್ಸಿಲ್ ಚಿತ್ರಗಳನ್ನೇ ಫಿಲ್ಮಿಗೆ ತೆಗೆದು, ಗಾಳಿಯಾಡದ ಪುಟ್ಟ ಕೋಣೆಯಲ್ಲಿ ಓಡಿಸಿ ನೋಡುತ್ತಿದ್ದರು. ಆ ಕೋಣೆಗೆ ಅಲ್ಲಿನವರು ಇಟ್ಟ ಹೆಸರು ‘ಸ್ವೆಟ್‌ಬಾಕ್ಸ್’, ಬೆವರಿನ ಡಬ್ಬಿ. ಶಾಯಿ, ಬಣ್ಣ ಎಲ್ಲ ಅಲ್ಲಿ ಒಪ್ಪಿಗೆ ಸಿಕ್ಕ ಮೇಲೆಯೇ. ಒಂದು ಪರೀಕ್ಷೆಗೆ ಅವರಿಗೆ ಕ್ಯಾಮೆರಾ, ಫಿಲ್ಮು, ಲ್ಯಾಬು ಬೇಕಾಗುತ್ತಿತ್ತು. ನಮಗೆ ಪ್ಲೇ ಬಟನ್ ಒತ್ತಿದರೆ ಆಯಿತು, ಆದರೂ ಸಂಕೋಚಪಟ್ಟು ಕೂರುತ್ತೇವೆ.

2. ಫ್ರೇಮ್ ನಂಬರ್ ಹಾಕಿ, ಫೈಲನ್ನು ಹಾಳಾಗದಂತೆ ಕಳಿಸಿ

ವಿಡಿಯೊದ ಮೂಲೆಯಲ್ಲಿ ಫ್ರೇಮ್ ನಂಬರ್ ಕಾಣುತ್ತಿದ್ದರೆ ಮಾತುಕತೆಯ ಗೊಂದಲ ಅರ್ಧ ತೀರುತ್ತದೆ. ಬ್ಲೆಂಡರ್ ಅನ್ನುವ ಆ್ಯನಿಮೇಷನ್ ಸಾಫ್ಟ್‌ವೇರ್‌ನಲ್ಲಿ ಔಟ್‌ಪುಟ್ ವಿಭಾಗದ ಮೆಟಾಡೇಟಾ ಅಡಿಯಲ್ಲಿ ‘ಬರ್ನ್ ಇನ್‌ಟು ಇಮೇಜ್’ ಅನ್ನುವುದಕ್ಕೆ ಟಿಕ್ ಹಾಕಿದರೆ ನಂಬರ್ ತಾನಾಗಿ ಬರುತ್ತದೆ. ನೀವು ಬಳಸುವ ಆ್ಯಪ್‌ನಲ್ಲಿ ಆ ಅನುಕೂಲ ಇಲ್ಲದಿದ್ದರೆ ಬೇರೆ ಲೇಯರ್ (ಚಿತ್ರದ ಮೇಲೆ ಹಾಸುವ ಪಾರದರ್ಶಕ ಪದರ) ಮಾಡಿ, ಕೀ ಪೋಸ್ ಬರುವ ಫ್ರೇಮುಗಳಲ್ಲಾದರೂ ಕೈಯಲ್ಲೇ ನಂಬರ್ ಬರೆಯಿರಿ.

ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ವಿಡಿಯೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೊ ಆಗಿ ಹೋದದ್ದನ್ನು ಅದು ಕುಗ್ಗಿಸುತ್ತದೆ, ತೆಳ್ಳನೆಯ ಪೆನ್ಸಿಲ್ ಗೆರೆಗಳು ಕದಡಿಹೋಗುತ್ತವೆ. ನಡಿಗೆಯಂಥ ಸೈಕಲ್, ಅಂದರೆ ಅದೇ ಚಿತ್ರಗಳು ಮತ್ತೆ ಮತ್ತೆ ಸುತ್ತುವ ಚಲನೆ ಆದರೆ ಐದಾರು ಸಲ ಸುತ್ತುವಂತೆ ಎಕ್ಸ್‌ಪೋರ್ಟ್ ಮಾಡಿ. ಒಂದೇ ಸುತ್ತು ಕಳಿಸಿದರೆ ನೋಡುವವರ ಕಣ್ಣು ಕೂರುವಷ್ಟರಲ್ಲಿ ಮುಗಿದಿರುತ್ತದೆ.

ಕಳಿಸುವ ಮುಂಚೆ ಒಂದು ಸಲ ಚಿತ್ರವನ್ನು ಎಡಬಲ ತಿರುಗಿಸಿ ಓಡಿಸಿ ನೋಡಿ. ದಿನಗಟ್ಟಲೆ ನೋಡಿ ನೋಡಿ ಒಗ್ಗಿಹೋದ ತಪ್ಪುಗಳು ಕನ್ನಡಿಯ ಬಿಂಬದಲ್ಲಿ ತಟ್ಟನೆ ಕಾಣುತ್ತವೆ. ನಿಮಗೇ ಕಂಡದ್ದನ್ನು ನೀವೇ ತಿದ್ದಿಕೊಂಡರೆ ಗೆಳೆಯರ ಹೊತ್ತು ನಿಮಗೆ ಕಾಣದ್ದಕ್ಕೆ ಉಳಿಯುತ್ತದೆ.

3. ಪ್ರಶ್ನೆ ಒಂದೇ ಇರಲಿ, ಕತೆ ಮೊದಲೇ ಹೇಳಬೇಡಿ

“ಹೇಗಿದೆ ಹೇಳಿ” ಅಂದರೆ “ಸೂಪರ್” ಅನ್ನುವ ಉತ್ತರ ಬರುತ್ತದೆ. ಅದರಿಂದ ಖುಷಿಯಾಗುತ್ತದೆ, ಕೆಲಸ ಮುಂದೆ ಹೋಗುವುದಿಲ್ಲ.

ಹೊಸಬರು ಮಾಡುವ ಇನ್ನೊಂದು ತಪ್ಪು ಮೊದಲೇ ಕತೆ ಹೇಳಿಬಿಡುವುದು. “ಅಜ್ಜಿಗೆ ಮೊಮ್ಮಗ ಬಂದ ಅಂತ ಖುಷಿ, ಅದಕ್ಕೇ ಏಳ್ತಾಳೆ” ಅಂತ ಬರೆದು ಕಳಿಸಿದರೆ, ಚಿತ್ರದಲ್ಲಿ ಇಲ್ಲದ ಖುಷಿಯನ್ನೂ ನೋಡುವವರು ತುಂಬಿಕೊಂಡು ನೋಡುತ್ತಾರೆ. ನಾನು ಈಗ ಹೀಗೆ ಬರೆಯುತ್ತೇನೆ: “ರಫ್, 2ನೇ ಸಲ. ಸೆಕೆಂಡಿಗೆ 24 ಫ್ರೇಮ್, ಉದ್ದ 3 ಸೆಕೆಂಡು. ಮೊದಲು ನೋಡಿ, ಏನಾಯ್ತು ಅಂತ ಒಂದು ಸಾಲು ಬರೀರಿ. ಆಮೇಲೆ 34ರಿಂದ 50 ನೋಡಿ, ಮೈ ಭಾರ ಕಾಲಿಗೆ ಬಂದ ಹಾಗೆ ಕಾಣತ್ತಾ?” ಯಾವ ಹಂತ, ಎಷ್ಟು ಉದ್ದ, ಎಲ್ಲಿ ಅನುಮಾನ, ಇಷ್ಟು ಸಿಕ್ಕರೆ ನೋಡುವವರಿಗೆ ಸಾಕು.

ಆ್ಯನಿಮೇಷನ್ ಗೊತ್ತಿಲ್ಲದ ಒಬ್ಬರಿಗಾದರೂ ತೋರಿಸಿ. ಅಮ್ಮ, ಪಕ್ಕದ ಮನೆಯವರು, ಯಾರಾದರೂ ಸರಿ. ಅವರಿಗೆ ಆರ್ಕ್ (ಚಲನೆಯ ಕಮಾನಿನ ದಾರಿ), ಸ್ಪೇಸಿಂಗ್ (ಚಿತ್ರಗಳ ನಡುವಿನ ಅಂತರ) ಅನ್ನುವ ಮಾತು ಗೊತ್ತಿರುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಮನುಷ್ಯರು ಏಳುವುದು, ಕೂರುವುದು, ಎಡವುವುದನ್ನು ನೋಡಿದ ಕಣ್ಣು ಅವರದು.

4. ನೋಡುವವರು ಮೂರು ಸಲ ನೋಡಲಿ

ಒಮ್ಮೆ ಎಲ್ಲೂ ನಿಲ್ಲಿಸದೆ ಪೂರ್ತಿ. ಒಮ್ಮೆ ಸದ್ದು ತೆಗೆದು. ಕೊನೆಗೆ ಒಂದೊಂದೇ ಫ್ರೇಮ್. ಕಂಪ್ಯೂಟರಿನಲ್ಲಿ ವಿಎಲ್‌ಸಿ ಅನ್ನುವ ವಿಡಿಯೊ ಪ್ಲೇಯರ್ ಇದ್ದರೆ ಇಂಗ್ಲಿಷಿನ E ಅಕ್ಷರದ ಕೀ ಒತ್ತಿದ ಹಾಗೆ ಒಂದೊಂದು ಫ್ರೇಮ್ ಮುಂದೆ ಹೋಗುತ್ತದೆ. ಯೂಟ್ಯೂಬ್‌ನಲ್ಲಾದರೆ ವಿಡಿಯೊ ನಿಲ್ಲಿಸಿಕೊಂಡು ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಗಳಿಂದ ಹಿಂದೆ ಮುಂದೆ ಹೋಗಬಹುದು. ಸದ್ದು ತೆಗೆದು ನೋಡುವುದನ್ನು ಬಿಡಬೇಡಿ. ಒಳ್ಳೆಯ ಸಂಗೀತ ಬಡಕಲು ಚಲನೆಯನ್ನು ಸಲೀಸಾಗಿ ಮುಚ್ಚಿಹಾಕುತ್ತದೆ.

ಮೊದಲ ಸಲ ನೋಡಿದಾಗ ಅನ್ನಿಸಿದ್ದನ್ನು ಆಗಲೇ ಬರೆದಿಟ್ಟುಕೊಳ್ಳಿ. ಹತ್ತು ಸಲ ನೋಡಿದ ಮೇಲೆ ನೀವೂ ಆ ತಪ್ಪಿಗೆ ಒಗ್ಗಿರುತ್ತೀರಿ.

5. ಎಲ್ಲಿ ಕಣ್ಣಿಡಬೇಕು

ಡಿಸ್ನಿಯ ಆ್ಯನಿಮೇಟರ್‌ಗಳಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್ಸ್‌ಟನ್ 1981ರಲ್ಲಿ ಬರೆದಿಟ್ಟ ಆ್ಯನಿಮೇಷನ್ನಿನ 12 ತತ್ವಗಳನ್ನು ಎಲ್ಲರೂ ಒಮ್ಮೆ ಓದಿಕೊಂಡಿರಿ, ಮಾತಾಡಲು ಒಂದೇ ಪರಿಭಾಷೆ ಸಿಗುತ್ತದೆ. ಆದರೆ 12ನ್ನೂ ಹಿಡಿದುಕೊಂಡು ಗೆಳೆಯರ ಚಿತ್ರವನ್ನು ಪರೀಕ್ಷೆ ಪತ್ರಿಕೆಯಂತೆ ತಿದ್ದಬೇಡಿ. ನಾವು ಸಾಮಾನ್ಯವಾಗಿ ನೋಡುವುದು ನಾಲ್ಕನ್ನು.

ಒಂದು, ಬೀಳುವ ವಸ್ತು. ಇಲ್ಲಿ ಅಭಿಪ್ರಾಯಕ್ಕಿಂತ ಲೆಕ್ಕ ಕೆಲಸಕ್ಕೆ ಬರುತ್ತದೆ. ಕೈಬಿಟ್ಟ ಚೆಂಡು 6 ಫ್ರೇಮಿನಲ್ಲಿ ಸುಮಾರು 30 ಸೆಂಟಿಮೀಟರ್ ಬೀಳುತ್ತದೆ, 12 ಫ್ರೇಮಿನಲ್ಲಿ ಸುಮಾರು 120. ಹೊತ್ತು ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟು. ಸಮನಾದ ಹೊತ್ತಿನಲ್ಲಿ ದಾಟುವ ದೂರ 1, 3, 5, 7 ಹೀಗೆ ಹಿಗ್ಗುತ್ತಾ ಹೋಗುತ್ತದೆ. ಚಿತ್ರಗಳ ನಡುವಿನ ಅಂತರ ಸಮನಾಗಿದ್ದರೆ ಚೆಂಡು ಬೀಳುವುದಿಲ್ಲ, ಲಿಫ್ಟಿನಲ್ಲಿ ಇಳಿಯುತ್ತದೆ. ನಮ್ಮಲ್ಲೊಬ್ಬ ಹುಡುಗ ತೆಂಗಿನಮರದಿಂದ ಕಾಯಿ ಬೀಳುವುದನ್ನು 12 ಫ್ರೇಮಿನಲ್ಲಿ ಮುಗಿಸಿದ್ದ. ಮರವನ್ನು ಎಷ್ಟು ಚೆನ್ನಾಗಿ ಬರೆದಿದ್ದರೂ ಆಟಿಕೆಯ ಹಾಗೆ ಕಾಣುತ್ತಿತ್ತು. ಲೆಕ್ಕ ಹಾಕಿದೆವು. 15 ಮೀಟರ್ ಎತ್ತರದಿಂದ ಬೀಳಲು ಸುಮಾರು 42 ಫ್ರೇಮ್ ಬೇಕು. ಅಷ್ಟು ಕೊಟ್ಟ ಮೇಲೆ ಒಂದು ಗೆರೆಯನ್ನೂ ಮುಟ್ಟದೆ ಮರ ಎತ್ತರವಾಯಿತು! ಹಾಸ್ಯಕ್ಕಾಗಿ ಈ ಲೆಕ್ಕವನ್ನು ಮುರಿಯುವುದು ಬೇರೆ ಮಾತು. ಮುರಿಯುವವರಿಗೆ ಲೆಕ್ಕ ಗೊತ್ತಿರಲಿ.

ಎರಡು, ತಲೆ ಮತ್ತು ಮಣಿಕಟ್ಟು ಹೋಗುವ ದಾರಿ. ತೊಗಲುಗೊಂಬೆಯ ತೋಳನ್ನು ನೋಡಿದ್ದೀರಲ್ಲ, ಭುಜದ ಗಂಟಿನಲ್ಲಿ ಕಟ್ಟಿರುವುದರಿಂದ ಕೈ ತಾನಾಗಿ ಕಮಾನಿನ ದಾರಿ ಹಿಡಿಯುತ್ತದೆ. ನಮ್ಮ ಮೈಯೂ ಕೀಲುಗಳ ಮೇಲೆಯೇ ತಿರುಗುವುದು. ಕಾಗದದ ಮೇಲೆ ಆ ಕೀಲಿಲ್ಲ, ಹಾಗಾಗಿ ಎರಡು ಪೋಸ್ ನಡುವೆ ಚಿತ್ರ ತುಂಬುವಾಗ ಕೈ ನೇರಗೆರೆಯಲ್ಲಿ ಹೋಗಿಬಿಡುತ್ತದೆ. ಪತ್ತೆ ಮಾಡುವುದು ಸುಲಭ. ಮಾನಿಟರಿನ ಮೇಲೆ ಪಾರದರ್ಶಕ ಹಾಳೆಯೊಂದನ್ನು ಅಂಟಿಸಿ, ಫ್ರೇಮ್ ಸರಿಸುತ್ತಾ ಮೂಗಿನ ತುದಿ ಬಂದಲ್ಲೆಲ್ಲ ಮಾರ್ಕರಿನಿಂದ ಚುಕ್ಕೆ ಇಡಿ. ಚುಕ್ಕೆಗಳ ಸಾಲು ದಾರಿಯನ್ನು ತೋರಿಸುತ್ತದೆ, ಚುಕ್ಕೆಗಳ ನಡುವಿನ ಅಂತರ ವೇಗವನ್ನು. ಆ ಹಾಳೆಯ ಫೋಟೊ ಕಳಿಸಿದರೆ ಎರಡು ಪುಟದ ವಿವರಣೆಗಿಂತ ಹೆಚ್ಚು ಅರ್ಥವಾಗುತ್ತದೆ.

ಮೂರು, ನೆಲಕ್ಕೂರಿದ ಕಾಲು. ಸಾಧಾರಣ ಚುರುಕಿನ ನಡಿಗೆಯಲ್ಲಿ ಒಂದು ಹೆಜ್ಜೆಗೆ 12 ಫ್ರೇಮ್. ಇದ್ದಲ್ಲೇ ನಡೆಯುವ ಸೈಕಲ್‌ನಲ್ಲಿ ಊರಿದ ಪಾದ ಪ್ರತಿ ಫ್ರೇಮಿಗೂ ಒಂದೇ ಅಳತೆ ಹಿಂದಕ್ಕೆ ಸರಿಯಬೇಕು. ಇಲ್ಲದಿದ್ದರೆ ಪಾತ್ರ ಪಾಚಿ ಕಟ್ಟಿದ ಅಂಗಳದಲ್ಲಿ ಜಾರುತ್ತಾ ಹೋಗುತ್ತದೆ.

ನಾಲ್ಕು, ಮಾತಾಡುವ ಬಾಯಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಕನ್ನಡದಲ್ಲಿ ಮಾತಾಡುವ ಪಾತ್ರ ಮಾಡುವವರಿಗೆ ಇದನ್ನು ನಾವೇ ಒಬ್ಬರಿಗೊಬ್ಬರು ಹೇಳಿಕೊಡಬೇಕಾಗಿದೆ. ಲಿಪ್ ಸಿಂಕ್‌ಗೆ, ಅಂದರೆ ಮಾತಿಗೆ ತುಟಿ ಹೊಂದಿಸಲು, ಸಾಮಾನ್ಯವಾಗಿ ಸಿಗುವ ಬಾಯಿಯ ಚಾರ್ಟುಗಳು (ಯಾವ ಸದ್ದಿಗೆ ಬಾಯಿ ಹೇಗಿರಬೇಕು ಅಂತ ತೋರಿಸುವವು) ಇಂಗ್ಲಿಷ್ ಮಾತಿಗಾಗಿ ಮಾಡಿದವು. ಕನ್ನಡದ ಪದ ಬಹುಪಾಲು ಸ್ವರದಲ್ಲಿ ಮುಗಿಯುತ್ತದೆ, ಅಂದರೆ ಮಾತಿನ ಕೊನೆಯಲ್ಲಿ ಬಾಯಿ ತೆರೆದಿರುತ್ತದೆ. ಚಾರ್ಟನ್ನು ಹಾಗೇ ಹಾಕಿದರೆ ಪಾತ್ರ ಪ್ರತಿ ಪದದ ಕೊನೆಗೂ ಬಾಯಿ ಮುಚ್ಚಿ ಮಾತನ್ನು ನುಂಗಿದಂತೆ ಕಾಣುತ್ತದೆ.

ನೋಡುವಾಗ ಮೊದಲು ಪ, ಬ, ಮ ಬರುವ ಜಾಗ ಹುಡುಕಿ. ಅಲ್ಲಿ ತುಟಿ ಕೂಡಲೇಬೇಕು, ಕನಿಷ್ಠ 2 ಫ್ರೇಮ್ ಕೂಡಿರಬೇಕು. ಒತ್ತಕ್ಷರವಾದರೆ ಇನ್ನೂ ಹೆಚ್ಚು. ‘ಅಮ್ಮ’ ಅಂತ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿ, ತುಟಿ ಕೂಡಿ ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಬಿಡುತ್ತದೆ. ಆ ನಿಲುಗಡೆ ತಪ್ಪಿದರೆ ಅದು ‘ಅಮ’ ಆಗುತ್ತದೆ, ಕಿವಿಗೆ ಸರಿಯಾಗಿ ಕೇಳಿದರೂ ಕಣ್ಣು ಒಪ್ಪುವುದಿಲ್ಲ. ಉ, ಊ, ಒ, ಓಗಳಿಗೆ ತುಟಿ ದುಂಡಾಗಲಿ. ಟ, ಡ, ಣ, ಳಗಳಿಗೆ ಬೇರೆ ಬಾಯಿ ಬರೆಯುತ್ತಾ ಕೂರಬೇಡಿ, ಅಲ್ಲಿ ಕೆಲಸ ಮಾಡುವುದು ಒಳಗಿನ ನಾಲಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಕ್ರಿಪ್ಟನ್ನು ನೋಡಿ ಬಾಯಿ ಬರೆಯಬೇಡಿ, ರೆಕಾರ್ಡಿಂಗ್ ಕೇಳಿ ಬರೆಯಿರಿ. ಕಾಗದದಲ್ಲಿ ‘ಬರುತ್ತೇನೆ’ ಅಂತ ಇರುತ್ತದೆ, ಕಲಾವಿದರು ‘ಬರ್ತೀನಿ’ ಅಂದಿರುತ್ತಾರೆ. ನಡುವಿನ ಉಕಾರಕ್ಕೆ ತುಟಿ ದುಂಡು ಮಾಡಿದರೆ ಅದು ಯಾರೂ ಆಡದ ಮಾತು.

6. ಕಂಡದ್ದನ್ನು ಮೊದಲು ಹೇಳಿ, ಉಪಾಯ ಆಮೇಲೆ

“ಏನೋ ಸರಿಯಿಲ್ಲ” ಅನ್ನುವುದು ಆ್ಯನಿಮೇಷನ್ ಗೊತ್ತಿಲ್ಲದವರು ಹೇಳಬಹುದಾದ ಮಾತು, ನಾವು ಹೇಳಿದರೆ ಸಾಲದು. ಹಾಗೆಯೇ “ಅಲ್ಲಿ 8 ಫ್ರೇಮ್ ಸೇರಿಸಿ” ಅಂತ ಒಮ್ಮೆಗೇ ಔಷಧಿ ಬರೆದುಕೊಡುವುದೂ ಸರಿಯಲ್ಲ. ನಾನು ಅಜ್ಜಿಯನ್ನು ನಿಧಾನ ಮಾಡಿ ಕೆಟ್ಟದ್ದು ಹಾಗೆಯೇ. ಎಲ್ಲಿ, ಏನು ಕಂಡಿತು, ಅದರಿಂದ ಏನನ್ನಿಸಿತು, ಈ ಕ್ರಮದಲ್ಲಿ ಹೇಳಿ. “34ರಿಂದ 50ರವರೆಗೆ ತಲೆ ನೆಟ್ಟಗೆ ಮೇಲೇರುತ್ತದೆ, ಹಾಗಾಗಿ ಎತ್ತಿ ನಿಲ್ಲಿಸಿದ ಹಾಗೆ ಕಂಡಿತು.” ಇಷ್ಟು ಹೇಳಿದರೆ ಬರೆದವರಿಗೇ ದಾರಿ ಹೊಳೆಯುತ್ತದೆ. ಕೇಳಿದರೆ ಉಪಾಯ ಹೇಳಿ.

ಒಂದು ಸಲಕ್ಕೆ ಒಂದೋ ಎರಡೋ ವಿಷಯ ಸಾಕು. ಹನ್ನೊಂದು ತಪ್ಪಿನ ಪಟ್ಟಿ ನೋಡಿ ಫೈಲ್ ಮುಚ್ಚಿಟ್ಟವರನ್ನು ನಾನು ಬಲ್ಲೆ. ಚೆನ್ನಾಗಿ ಬಂದದ್ದನ್ನೂ ಅಷ್ಟೇ ಖಚಿತವಾಗಿ, ಫ್ರೇಮ್ ನಂಬರ್ ಸಮೇತ ಹೇಳಿ. ಇಲ್ಲದಿದ್ದರೆ ತಿದ್ದುವ ಭರದಲ್ಲಿ ಅವರು ಅದನ್ನೂ ಅಳಿಸಿಬಿಡುತ್ತಾರೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ವಯಸ್ಸಿನಲ್ಲಿ ಹಿರಿಯರ ಕೆಲಸಕ್ಕೆ ತಪ್ಪು ಹೇಳಲು ಬಾಯಿ ಬರುವುದಿಲ್ಲ. ನಮ್ಮ ಗುಂಪಿನಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟರೊಬ್ಬರಿದ್ದಾರೆ. ತಿಂಗಳುಗಟ್ಟಲೆ ಅವರಿಗೆ ಸಿಕ್ಕಿದ್ದು “ತುಂಬ ಚೆನ್ನಾಗಿದೆ ಸರ್” ಮಾತ್ರ. ಕೊನೆಗೆ ಅವರೇ, “ಹೀಗಾದ್ರೆ ನಾನು ಕಲಿಯೋದು ಯಾವಾಗಮ್ಮ?” ಅಂತ ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳನ್ನು ಕೇಳಿದರು. ಅವಳು ಆಗ ಹೇಳಿದ ರೀತಿಯನ್ನು ನಾವೆಲ್ಲ ಕಲಿತುಕೊಂಡೆವು: “ಸರ್, 18ರಲ್ಲಿ ಕೈ ಎಲ್ಲಿಗೆ ಹೋಯ್ತು ಅಂತ ನಂಗೆ ಗೊತ್ತಾಗ್ಲಿಲ್ಲ, ಇನ್ನೊಂದ್ಸಲ ತೋರಿಸ್ತೀರಾ?” ಮರ್ಯಾದೆಯೂ ಉಳಿಯಿತು, ವಿಷಯವೂ ತಲುಪಿತು.

ಬೇರೆಯವರ ಚಿತ್ರದ ಮೇಲೆ ಗೆರೆ ಎಳೆದು ತೋರಿಸುವ ಮುಂಚೆ ಕೇಳಿ, ಬೇರೆ ಲೇಯರ್‌ನಲ್ಲಿ, ಬೇರೆ ಬಣ್ಣದಲ್ಲಿ ಎಳೆಯಿರಿ. ಅರ್ಧ ಆದ ಕೆಲಸವನ್ನು ಗುಂಪಿನ ಆಚೆಗೆ ಯಾರಿಗೂ ಕಳಿಸಬೇಡಿ. ನಂಬಿ ತೋರಿಸಿರುತ್ತಾರೆ.

7. ಕೇಳಿಸಿಕೊಂಡ ಮೇಲೆ

ಉತ್ತರ ಕೊಡುವ ಮುಂಚೆ ಒಂದು ರಾತ್ರಿ ಕಳೆಯಲಿ. “ಅದು ಯಾಕೆ ಹಾಗೆ ಅಂದ್ರೆ…” ಅಂತ ವಿವರಿಸಲು ಮನಸ್ಸು ತವಕಿಸುತ್ತದೆ. ಆದರೆ ಚಿತ್ರ ನೋಡುವ ಎಲ್ಲರ ಪಕ್ಕದಲ್ಲೂ ನೀವು ಕೂತು ವಿವರಿಸಲು ಆಗುವುದಿಲ್ಲ.

ಒಬ್ಬರು ವೇಗ ಹೆಚ್ಚಾಯಿತು ಅನ್ನುತ್ತಾರೆ, ಇನ್ನೊಬ್ಬರು ಎಳೆದಂತಾಯಿತು ಅನ್ನುತ್ತಾರೆ. ಇಬ್ಬರೂ ಒಂದೇ ಜಾಗ ತೋರಿಸುತ್ತಿದ್ದಾರಾ ನೋಡಿ. ತೋರಿಸುತ್ತಿದ್ದರೆ ದೋಷ ಅಲ್ಲಿಯೇ ಇದೆ, ಬಹುಶಃ ಇಬ್ಬರೂ ಹೇಳದ ರೂಪದಲ್ಲಿ. ನಮ್ಮ ಅನುಭವದಲ್ಲಿ ಹತ್ತರಲ್ಲಿ ಏಳೆಂಟು ಸಲ ಅಲ್ಲಿ ಒಂದು ಪೋಸ್ ಕಣ್ಣಿಗೆ ಕೂರುವಷ್ಟು ನಿಂತಿರುವುದಿಲ್ಲ.

ಹಳೆಯ ಫೈಲಿನ ಮೇಲೇ ತಿದ್ದಬೇಡಿ. ಹೊಸ ಹೆಸರಿನಲ್ಲಿ, 2, 3 ಅಂತ ನಂಬರ್ ಕೊಟ್ಟು ಉಳಿಸಿ. ಹಳೆಯದು, ಹೊಸದು ಎರಡನ್ನೂ ಪಕ್ಕಪಕ್ಕ ಓಡಿಸಿ ಕಳಿಸಿದರೆ ಹೇಳಿದವರಿಗೂ ತಮ್ಮ ಮಾತು ಏನಾಯಿತು ಅಂತ ಕಾಣುತ್ತದೆ. ಕೆಲವೊಮ್ಮೆ ಹಳೆಯದೇ ಚೆನ್ನಾಗಿತ್ತು ಅಂತಲೂ ಆಗುತ್ತದೆ.

ಸಲಹೆ ಅರ್ಥವಾಗದಿದ್ದರೆ ನಿಜವಾದ ಚಲನೆಯನ್ನು ನೋಡಿ. ಗೆಳತಿ ಹೇಳಿದ ಮೇಲೆ ನಾನು ಅಮ್ಮನನ್ನೇ ಜಗಲಿಯ ಮೇಲೆ ಕೂರಿಸಿ, ಏಳುವುದನ್ನು ಫೋನಿನಲ್ಲಿ ತೆಗೆದೆ. ಫೋನುಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್ ತೆಗೆಯುತ್ತವೆ, ಅಲ್ಲಿನ 15 ಅಂದರೆ ನಮ್ಮ 12. ಎಣಿಸುತ್ತಾ ಹೋದೆ. ಅಮ್ಮ ಮೊದಲು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು. ತಲೆ ಮುಂದಕ್ಕೂ ಕೆಳಕ್ಕೂ ಬಂತು, ನನ್ನ ಲೆಕ್ಕದಲ್ಲಿ 12 ಫ್ರೇಮ್. ಅಂಗೈ ಮಂಡಿಯ ಮೇಲೆ ಊರಿ 6 ಫ್ರೇಮ್ ಹಾಗೇ ನಿಂತರು, ಉಸಿರು ತೆಗೆದುಕೊಳ್ಳುವಷ್ಟು ಹೊತ್ತು. ಆಮೇಲೆ 20 ಫ್ರೇಮಿನಲ್ಲಿ ಎದ್ದರು. ಎದ್ದ ಮೇಲೂ 8 ಫ್ರೇಮ್ ಒಂದು ಕೈ ಮಂಡಿಯನ್ನು ಬಿಟ್ಟಿರಲಿಲ್ಲ. ಒಟ್ಟು ಎರಡು ಸೆಕೆಂಡಿಗೆ ಎರಡು ಫ್ರೇಮ್ ಕಡಿಮೆ. ನಾನು ಬರೆದದ್ದು 16 ಫ್ರೇಮಿನ ನೇರಗೆರೆ. ಮಂಡಿಯ ಮೇಲೆ ಕೈ ಊರಿದ ಆ 6 ಫ್ರೇಮ್ ಇಲ್ಲದೆ ಎಷ್ಟು ನಿಧಾನ ಮಾಡಿದರೂ ಅಜ್ಜಿಗೆ ಭಾರ ಬರುತ್ತಿರಲಿಲ್ಲ.

ಹೊಸ ರಫ್ ಅಮ್ಮನಿಗೆ ತೋರಿಸಿದಾಗ ಮಂಡಿಯ ಮಾತೇ ಬರಲಿಲ್ಲ. “ಗೇಟ್ ಹತ್ರ ಯಾರು ಬಂದ್ರು?” ಅಂತ ಕೇಳಿದರು.

8. ಗುಂಪು ಕಟ್ಟುವವರಿಗೆ

ನಾಲ್ಕರಿಂದ ಎಂಟು ಜನ ಸಾಕು. ಹೆಚ್ಚಾದರೆ ಎಲ್ಲರ ಕೆಲಸ ನೋಡಲು ಆಗುವುದಿಲ್ಲ. ಒಂದು ಕಳಿಸುವ ಮುಂಚೆ ಇಬ್ಬರದನ್ನು ನೋಡಿ ಬರೆದಿರಬೇಕು ಅನ್ನುವ ನಿಯಮ ಮೊದಲ ದಿನವೇ ಇರಲಿ. ಎಲ್ಲರೂ ಬ್ಲೆಂಡರ್, ಕ್ರಿತಾ, ಪೆನ್ಸಿಲ್ 2ಡಿಯಂಥ ಉಚಿತ ಸಾಫ್ಟ್‌ವೇರ್‌ಗಳಲ್ಲೇ ಶುರುಮಾಡಬಹುದು, ಒಂದೇ ಇರಬೇಕೆಂದಿಲ್ಲ.

ಮೊದಲ ವಾರ ಎಲ್ಲರೂ ಪುಟಿಯುವ ಚೆಂಡು ಮಾಡಿ, 3 ಸೆಕೆಂಡು, ಬಣ್ಣ ಬೇಡ. ಎರಡನೇ ವಾರ ಅದೇ ಚೆಂಡನ್ನು ಕ್ರಿಕೆಟ್ ಬಾಲ್ ಮತ್ತು ಬಲೂನ್ ಎರಡೂ ಆಗಿ ಮಾಡಿ. ಆಕಾರ, ಗಾತ್ರ ಒಂದೇ ಇರಲಿ, ಯಾವುದು ಯಾವುದು ಅಂತ ಚಲನೆಯಿಂದಲೇ ಗೆಳೆಯರು ಹೇಳಬೇಕು. ಮೂರನೇ ವಾರ ಒಂದು ಹಿಟ್ಟಿನ ಚೀಲ ನೆಗೆಯಲಿ. ನಾಲ್ಕನೇ ವಾರ ನಿಮ್ಮ ಮನೆಯ ಯಾರಾದರೊಬ್ಬರು ಕುರ್ಚಿಯಿಂದ ಏಳುವುದನ್ನು ಫೋನಿನಲ್ಲಿ ತೆಗೆದು, ಎಣಿಸಿ, ಬರೆಯಿರಿ. ಕೀ ಪೋಸ್ ನಾಲ್ಕು ಆದ ಕೂಡಲೇ, ಆ ರಾತ್ರಿಯೇ ಕಳಿಸಿ.